ಬೆಳಕಿನ ಔಷಧಕ್ಕೆ ದುಡ್ಡು ಹಾಕುವವರು ಯಾರು?

ನಮ್ಮ ಕಾಲೇಜಿನಲ್ಲಿ ಒಂದು ಬರೆಯದ ನಿಯಮ ಇದೆ. ವಿಜ್ಞಾನದ ಬಗ್ಗೆ ಬರೆಯುವುದು ಸೈನ್ಸ್‌ನವರ ಕೆಲಸ. ಕಾಮರ್ಸ್‌ನವರದ್ದು ಬಜೆಟ್, ಬ್ಯಾಂಕು, ಜಿಎಸ್‌ಟಿ. ಈ ಸಲ ನಾನು ಆ ನಿಯಮ ಮುರಿಯುತ್ತಿದ್ದೇನೆ. ಏಕೆಂದರೆ ನಾನು ಹೇಳಹೊರಟಿರುವ ಚಿಕಿತ್ಸೆಯ ಮೂಲ ವಿಜ್ಞಾನ ಗೊತ್ತಾಗಿ ನೂರು ವರ್ಷ ದಾಟಿದೆ. ಅದು ಇನ್ನೂ ನಮ್ಮಂಥ ಊರಿನ ಆಸ್ಪತ್ರೆಗೆ ಬಾರದಿರುವುದಕ್ಕೆ ಒಂದು ದೊಡ್ಡ ಕಾರಣ ಹಣದ ಲೆಕ್ಕ. ಲೆಕ್ಕದ ಮಾತು ಬಂದ ಮೇಲೆ ಕಾಮರ್ಸ್‌ನವರು ಬಾಯಿ ತೆರೆಯಬಹುದು ತಾನೆ?

ಚಿಕಿತ್ಸೆ ಇಷ್ಟೇ. ಒಂದು ಬಗೆಯ ಬಣ್ಣವನ್ನು ಗಾಯಕ್ಕೆ ಹಚ್ಚುತ್ತಾರೆ. ಆ ಬಣ್ಣಕ್ಕೆ ಸರಿಹೊಂದುವ ಬೆಳಕನ್ನು ಕೆಲವು ನಿಮಿಷ ಅದರ ಮೇಲೆ ಬಿಡುತ್ತಾರೆ. ಗಾಯದಲ್ಲಿರುವ ಬ್ಯಾಕ್ಟೀರಿಯಾ ಸಾಯುತ್ತವೆ. ಇದಕ್ಕೆ ಫೋಟೋಡೈನಾಮಿಕ್ ಚಿಕಿತ್ಸೆ ಎಂದು ಹೆಸರು. ಇದನ್ನು ಕ್ಲಾಸಿನಲ್ಲಿ ಹೇಳಿದಾಗ ನನ್ನ ಗೆಳತಿ, “ಎಂತ ಮಾರಾಯ್ತಿ, ಬೆಳ್ಕ್ ಬಿಟ್ರೆ ಗಾಯ ಗುಣ ಆತ್ತಾ?” ಎಂದು ನಕ್ಕಳು.

ಬೆಳಕಿನಿಂದ ಚಿಕಿತ್ಸೆ ಮಾಡುವುದು ಹೊಸದಲ್ಲ. ಹುಟ್ಟಿದ ಮಗುವಿಗೆ ಕಾಮಾಲೆ ಹೆಚ್ಚಾದರೆ ಕಣ್ಣಿಗೆ ಬಟ್ಟೆ ಕಟ್ಟಿ ನೀಲಿ ಬೆಳಕಿನ ಕೆಳಗೆ ಮಲಗಿಸುವುದನ್ನು ನಮ್ಮಲ್ಲಿ ಹಲವರು ಆಸ್ಪತ್ರೆಯಲ್ಲಿ ನೋಡಿದ್ದೇವೆ. ಮಗುವಿನ ಮೈಯಲ್ಲಿ ಸೇರಿಕೊಂಡ ಬಿಲಿರುಬಿನ್ ಎಂಬ ಹಳದಿ ವಸ್ತು ಬೆಳಕು ಬಿದ್ದಾಗ ರೂಪ ಬದಲಿಸಿ ಸುಲಭವಾಗಿ ಹೊರಹೋಗುತ್ತದೆ. ಇದನ್ನು ಮೊದಲು ಗಮನಿಸಿದ್ದು 1950ರ ದಶಕದಲ್ಲಿ ಇಂಗ್ಲೆಂಡಿನ ರೋಚ್‌ಫರ್ಡ್ ಆಸ್ಪತ್ರೆಯ ನರ್ಸ್ ಜೀನ್ ವಾರ್ಡ್. ಬಿಸಿಲಿಗೆ ಹಿಡಿದ ಮಗುವಿನ ಮೈ ಬಿಸಿಲು ಬಿದ್ದಲ್ಲಿ ಮಾತ್ರ ಹಳದಿ ಕಳೆದುಕೊಂಡಿತ್ತು. ಇವತ್ತು ಅದನ್ನು ಯಾರೂ ನಗೆಯಾಡುವುದಿಲ್ಲ.

ಬ್ಯಾಕ್ಟೀರಿಯಾ ಕೊಲ್ಲುವ ಬೆಳಕಿನ ಕಥೆ ಇನ್ನೂ ಹಳೆಯದು. 1897–98ರ ಚಳಿಗಾಲದಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಓಸ್ಕರ್ ರಾಬ್ ಎಂಬ ವೈದ್ಯಕೀಯ ವಿದ್ಯಾರ್ಥಿ ಅಕ್ರಿಡಿನ್ ಎಂಬ ಬಣ್ಣದ ಪರೀಕ್ಷೆ ಮಾಡುತ್ತಿದ್ದ. ನಾವು ಹೈಸ್ಕೂಲಿನಲ್ಲಿ ಚಿತ್ರ ಬಿಡಿಸಿದ ಪ್ಯಾರಮೀಸಿಯಂ ಜೀವಿಗೆ ಆ ಬಣ್ಣ ಎಷ್ಟು ವಿಷ ಎಂದು ನೋಡುವುದು ಅವನ ಕೆಲಸ. ಅದೇ ಬಣ್ಣ, ಅದೇ ಪ್ರಮಾಣ. ಆದರೆ ಒಂದು ದಿನ ಜೀವಿಗಳು ಬೇಗ ಸಾಯುತ್ತಿದ್ದವು, ಇನ್ನೊಂದು ದಿನ ಬದುಕಿರುತ್ತಿದ್ದವು. ವ್ಯತ್ಯಾಸ ಬಣ್ಣದಲ್ಲಿರಲಿಲ್ಲ, ಕೋಣೆಯ ಬೆಳಕಿನಲ್ಲಿತ್ತು. ಅವನು 1900ರಲ್ಲಿ ಇದನ್ನು ಪ್ರಕಟಿಸಿದ. ಬೆಳಕು, ಬಣ್ಣ ಎರಡೇ ಸಾಲದು, ಆಮ್ಲಜನಕವೂ ಬೇಕು ಎಂಬುದನ್ನು ಅವನ ಗುರು ಟ್ಯಾಪೈನರ್ ಮತ್ತು ಜೊತೆಗಾರರು ತೋರಿಸಿದರು. ಅದೇ ಕಾಲದಲ್ಲಿ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಚರ್ಮದ ಕ್ಷಯಕ್ಕೆ ಬೆಳಕಿನಿಂದ ಚಿಕಿತ್ಸೆ ಕೊಟ್ಟು 1903ರ ನೊಬೆಲ್ ಪ್ರಶಸ್ತಿ ಪಡೆದರು.

ಹಾಗಾದರೆ ಆಮೇಲೆ ಏನಾಯಿತು? 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದರು. 1940ರ ದಶಕದಲ್ಲಿ ಅದು ಜಗತ್ತಿಗೆಲ್ಲ ಸಿಕ್ಕಿತು. ಒಂದು ಇಂಜೆಕ್ಷನ್‌ನಿಂದ ಆಗುವ ಕೆಲಸಕ್ಕೆ ದೀಪ ಹಿಡಿದು ಕೂರುವವರು ಯಾರು? ಬೆಳಕಿನ ಚಿಕಿತ್ಸೆ ಮೂಲೆಗೆ ಸರಿಯಿತು. ಆದರೆ 1945ರಲ್ಲಿ ನೊಬೆಲ್ ಪಡೆದಾಗ ಫ್ಲೆಮಿಂಗ್ ಅವರೇ ಒಂದು ಎಚ್ಚರಿಕೆ ಕೊಟ್ಟಿದ್ದರು: ಔಷಧವನ್ನು ಅರೆಬರೆ ತೆಗೆದುಕೊಂಡರೆ ರೋಗಾಣುಗಳು ಅದನ್ನು ಎದುರಿಸಲು ಕಲಿಯುತ್ತವೆ.

ಅವು ಕಲಿತಿವೆ. 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಎಂದು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ 2022ರಲ್ಲಿ ಅಂದಾಜು ಪ್ರಕಟಿಸಿತು. ಇಷ್ಟು ದೊಡ್ಡ ಸಂಖ್ಯೆ ಓದಿದರೆ ನನಗೆ ಏನೂ ಅನ್ನಿಸುವುದಿಲ್ಲ. ನನಗೆ ಇದು ಅರ್ಥವಾದದ್ದು ನನ್ನ ದಾದಿಯ ಕಾಲಿನಿಂದ.

ದಾದಿಗೆ ಹದಿನೈದು ವರ್ಷದಿಂದ ಶುಗರ್ ಇದೆ. ಕಳೆದ ಮಳೆಗಾಲದಲ್ಲಿ ಹೆಬ್ಬೆರಳಿನ ಬುಡದಲ್ಲಿ ಒಂದು ಸಣ್ಣ ಗಾಯ ಆಯಿತು. ಮೊದಲು ಒಂದು ಮೆಡಿಕಲ್‌ನಿಂದ ಚೀಟಿ ಇಲ್ಲದೆ ಮಾತ್ರೆ ಬಂತು, ಐದು ನುಂಗಿದ್ದಾಯಿತು. ಆಮೇಲೆ ಬೇರೆ ಮಾತ್ರೆ. ಗಾಯ ಒಣಗಲಿಲ್ಲ. “ಪಹಲೇ ಏಕ್ ಗೋಲಿ ಮೇ ಆರಾಮ್ ಹೋತಾ ಥಾ” ಎಂದು ದಾದಿ ಹೇಳುತ್ತಲೇ ಇದ್ದರು. ಮೊದಲೆಲ್ಲ ಒಂದೇ ಮಾತ್ರೆಗೆ ಗುಣವಾಗುತ್ತಿತ್ತಂತೆ. ಕೊನೆಗೆ ಗಾಯದ ಕೀವನ್ನು ಲ್ಯಾಬಿಗೆ ಕಳಿಸಿದರು. ವರದಿಯಲ್ಲಿ ಔಷಧಗಳ ಉದ್ದ ಪಟ್ಟಿ. ಅರ್ಧಕ್ಕಿಂತ ಹೆಚ್ಚಿನವುಗಳ ಮುಂದೆ ‘ಆರ್’ ಎಂಬ ಅಕ್ಷರ. ರೆಸಿಸ್ಟೆಂಟ್, ಅಂದರೆ ಈ ಔಷಧ ನಾಟುವುದಿಲ್ಲ. ಉಳಿದದ್ದರಲ್ಲಿ ಒಂದು ಇಂಜೆಕ್ಷನ್ ಕೊಟ್ಟು, ದಿನಾ ಡ್ರೆಸ್ಸಿಂಗ್ ಮಾಡಿ ಗಾಯ ಗುಣವಾಯಿತು. ಬಿಲ್ಲುಗಳನ್ನೆಲ್ಲ ಅಬ್ಬಾ ನನ್ನ ಕೈಗೆ ಕೊಟ್ಟು ಕೂಡಿಸಲು ಹೇಳಿದರು. ಮೊತ್ತ ಅವರ ಒಂದು ತಿಂಗಳ ದುಡಿಮೆಗಿಂತ ಹೆಚ್ಚಿತ್ತು. ಬೆರಳು ಉಳಿಯಿತು ಎಂದು ಮನೆಯವರು ಶುಕ್ರ್ ಹೇಳಿದರು. ನಾನೂ ಹೇಳಿದೆ. ಆದರೆ ಆ ಪಟ್ಟಿಯಲ್ಲಿ ಎಲ್ಲದರ ಮುಂದೆಯೂ ‘ಆರ್’ ಇದ್ದಿದ್ದರೆ ಎಂಬ ಪ್ರಶ್ನೆ ಹೋಗಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದೇ ಈ ಬೆಳಕಿನ ವಿಷಯ.

ಬೆಳಕಿನ ಚಿಕಿತ್ಸೆ ಕೆಲಸ ಮಾಡುವ ಬಗೆಯೇ ಬೇರೆ. ಸಾಮಾನ್ಯ ಆಂಟಿಬಯಾಟಿಕ್ ಒಂದು ಬೀಗಕ್ಕೆ ಮಾಡಿಸಿದ ಕೀಲಿಕೈ ಇದ್ದ ಹಾಗೆ. ಅದು ಬ್ಯಾಕ್ಟೀರಿಯಾದ ಒಂದು ನಿರ್ದಿಷ್ಟ ಭಾಗವನ್ನು ಹಿಡಿಯುತ್ತದೆ. ಬ್ಯಾಕ್ಟೀರಿಯಾ ಆ ಭಾಗವನ್ನು ಸ್ವಲ್ಪ ಬದಲಿಸಿಕೊಂಡರೆ ಕೀಲಿಕೈ ಕೆಲಸಕ್ಕೆ ಬರುವುದಿಲ್ಲ. ಬೆಳಕಿನ ಚಿಕಿತ್ಸೆಯಲ್ಲಿ ಬಣ್ಣ ಬೆಳಕನ್ನು ಹೀರಿ, ಆ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಕೆರಳಿದ ಆ ಆಮ್ಲಜನಕ ಕ್ಷಣದೊಳಗೆ ಸುತ್ತಲಿನ ಎಲ್ಲದರ ಮೇಲೂ ಬೀಳುತ್ತದೆ: ಬ್ಯಾಕ್ಟೀರಿಯಾದ ಹೊರಪದರ, ಪ್ರೋಟೀನ್, ಡಿಎನ್‌ಎ. ಒಂದೇ ಸಲ ಇಷ್ಟು ಕಡೆ ಪೆಟ್ಟು ಬಿದ್ದರೆ ತಪ್ಪಿಸಿಕೊಳ್ಳುವ ದಾರಿ ಕಲಿಯುವುದು ಬ್ಯಾಕ್ಟೀರಿಯಾಕ್ಕೆ ಬಹಳ ಕಷ್ಟ. ಯಾವ ಆಂಟಿಬಯಾಟಿಕ್‌ಗೆ ಬಗ್ಗದಿದ್ದರೂ ಈ ಪೆಟ್ಟಿಗೆ ಅದು ಸಾಯಬಹುದು. ಬೆಳಕು ಆರಿಸಿದ ಕೂಡಲೇ ಈ ಕೆಲಸವೂ ನಿಲ್ಲುತ್ತದೆ.

ಇದು ಬರೀ ಪ್ರಯೋಗಾಲಯದ ಮಾತಲ್ಲ. ಕೆನಡಾದ ವ್ಯಾಂಕೂವರ್ ಜನರಲ್ ಆಸ್ಪತ್ರೆಯಲ್ಲಿ 2011ರಿಂದ, ದೊಡ್ಡ ಆಪರೇಷನ್‌ಗೆ ಮೊದಲು ರೋಗಿಯ ಮೂಗಿನೊಳಗೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಚ್ಚಿ ಕೆಂಪು ಬೆಳಕು ಬಿಡುತ್ತಿದ್ದಾರೆ. ಮೂಗಿನಲ್ಲಿ ಅಡಗಿರುವ ಬ್ಯಾಕ್ಟೀರಿಯಾ ಆಪರೇಷನ್ ಗಾಯಕ್ಕೆ ಹೋಗದಿರಲಿ ಎಂದು. ಇದರ ಜೊತೆಗೆ ಕ್ಲೋರ್‌ಹೆಕ್ಸಿಡಿನ್ ಎಂಬ ದ್ರಾವಣದಿಂದ ಮೈ ಒರೆಸುವುದನ್ನೂ ಮಾಡಿದರು. ಗಾಯದ ಸೋಂಕು ಶೇ 2.7ರಿಂದ ಶೇ 1.6ಕ್ಕೆ ಇಳಿಯಿತು. ವಸಡಿನ ಸೋಂಕಿಗೆ ಹಲವು ದೇಶಗಳ ದಂತವೈದ್ಯರು ಇದನ್ನು ಬಳಸುತ್ತಾರೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಖಿಲ್ ಚಕ್ರವರ್ತಿ ಅವರ ತಂಡ ಬೆಳಕು ಬಿದ್ದಾಗ ಮಾತ್ರ ಕೊಲ್ಲುವ ಲೋಹದ ಸಂಯುಕ್ತಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಅವರ ಗುರಿ ಕ್ಯಾನ್ಸರ್ ಕೋಶ. ಅಂದರೆ ಈ ವಿದ್ಯೆ ಬಲ್ಲವರು ಕರ್ನಾಟಕದಲ್ಲೇ ಇದ್ದಾರೆ.

ನನ್ನ ಮನಸ್ಸು ಹಿಡಿದದ್ದು ಬ್ರೆಜಿಲ್‌ನ ಒಂದು ಅಧ್ಯಯನ. 2014ರಲ್ಲಿ ಪ್ರಕಟವಾದ ಅದರಲ್ಲಿ ಇದ್ದದ್ದು ಕಾಲಿನ ಗಾಯ ಕೆಟ್ಟಿದ್ದ 34 ಮಧುಮೇಹ ರೋಗಿಗಳು. ಬೆಳಕಿನ ಚಿಕಿತ್ಸೆ ಸಿಗದ 16 ಜನರಿಗೂ ಅಂಗ ಕತ್ತರಿಸಬೇಕಾಯಿತು. ಚಿಕಿತ್ಸೆ ಸಿಕ್ಕಿದ 18 ಜನರಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು. ಇದನ್ನು ಓದಿ ಕುಣಿಯುವ ಮೊದಲು ಸಂಖ್ಯಾಶಾಸ್ತ್ರದ ಪಾಠ ನೆನಪಿಸಿಕೊಳ್ಳಬೇಕು. 34 ಜನ ಬಹಳ ಸಣ್ಣ ಮಾದರಿ. ಇಷ್ಟರಿಂದ ಚಿಕಿತ್ಸೆ ಗೆದ್ದಿತು ಎನ್ನಲಾಗದು. ಆದರೆ ಇದನ್ನು ನೂರಾರು ಜನರಲ್ಲಿ, ಹಲವು ಆಸ್ಪತ್ರೆಗಳಲ್ಲಿ ಸರಿಯಾಗಿ ಪರೀಕ್ಷಿಸಲೇಬೇಕು ಎನ್ನಲು ಇಷ್ಟು ಸಾಕು.

ಮಿತಿಗಳನ್ನೂ ಹೇಳಬೇಕು. ಕೆಂಪು ಬೆಳಕು ಮಾಂಸದೊಳಗೆ ಕೆಲವು ಮಿಲಿಮೀಟರ್ ಮಾತ್ರ ಇಳಿಯುತ್ತದೆ, ನೀಲಿ ಬೆಳಕು ಅದಕ್ಕಿಂತಲೂ ಕಡಿಮೆ. ನ್ಯುಮೋನಿಯಾಕ್ಕೆ, ರಕ್ತದಲ್ಲಿ ಹರಡಿದ ಸೋಂಕಿಗೆ, ನಮ್ಮೂರಿನ ಮಳೆಗಾಲದ ಇಲಿಜ್ವರಕ್ಕೆ ಇದು ಆಗುವುದಿಲ್ಲ. ಬೆಳಕು ತಲುಪುವ ಚರ್ಮ, ಗಾಯ, ಬಾಯಿ, ಮೂಗು ಇಷ್ಟಕ್ಕೇ ಇದು. ಗ್ರಾಂ ನೆಗೆಟಿವ್ ಎಂಬ ಗುಂಪಿನ ಬ್ಯಾಕ್ಟೀರಿಯಾಕ್ಕೆ ಹೊರಗೆ ಇನ್ನೊಂದು ಪದರ ಇರುವುದರಿಂದ ಬಣ್ಣ ಒಳಗೆ ಹೋಗುವುದು ಕಷ್ಟ. ಪ್ರಮಾಣ ತಪ್ಪಿದರೆ ನಮ್ಮ ಕೋಶಗಳಿಗೂ ಪೆಟ್ಟು.

ಹಾಗಾಗಿ ಮನೆಯಲ್ಲಿ ಯಾರೂ ಪ್ರಯೋಗ ಮಾಡಬೇಡಿ. ಇದನ್ನು ಒತ್ತಿ ಹೇಳಲು ಕಾರಣ ಇದೆ. ನಮ್ಮ ಮನೆಗಳಲ್ಲಿ ಯುನಾನಿ ಔಷಧದ ಬಳಕೆ ಇದೆ. ತೊನ್ನಿಗೆ ಬಾವಂಚಿ ಬೀಜ ಹಚ್ಚಿ ಬಿಸಿಲಿಗೆ ಕೂರಿಸುವ ಪದ್ಧತಿ ಹಕೀಮರಿಗೂ ಗೊತ್ತು, ಆಯುರ್ವೇದ ಪಂಡಿತರಿಗೂ ಗೊತ್ತು. 13ನೇ ಶತಮಾನದ ಇಬ್ನ್ ಅಲ್-ಬೈತಾರ್ ಇಂಥದ್ದೇ ಇನ್ನೊಂದು ಗಿಡದ ಬೀಜ ಮತ್ತು ಬಿಸಿಲಿನ ಚಿಕಿತ್ಸೆಯನ್ನು ಬರೆದಿಟ್ಟಿದ್ದಾರೆ. ಎರಡರಲ್ಲೂ ಸೊರಾಲೆನ್ ಎಂಬ, ಬೆಳಕಿಗೆ ಎಚ್ಚರಗೊಳ್ಳುವ ವಸ್ತು ಇದೆ. ಅದು ಬ್ಯಾಕ್ಟೀರಿಯಾದ ಔಷಧವಲ್ಲ. ಲೆಕ್ಕ ತಪ್ಪಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ಅರಶಿನದ ಕರ್ಕ್ಯುಮಿನ್ ಕೂಡ ನೀಲಿ ಬೆಳಕಿನಲ್ಲಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಎಂದು ಬ್ರೆಜಿಲ್‌ನಲ್ಲಿ ಬಾಯಿಯ ಸೋಂಕಿನ ಮೇಲೆ ಸಂಶೋಧನೆ ಮಾಡಿದ್ದಾರೆ. ಆದರೆ ಅಳೆದು ತಯಾರಿಸಿದ ಕರ್ಕ್ಯುಮಿನ್ ಬೇರೆ, ಅಡುಗೆಮನೆಯ ಡಬ್ಬದ ಅರಶಿನ ಪುಡಿ ಬೇರೆ. ಶುಗರ್ ಇರುವವರ ಕಾಲಿನ ಗಾಯಕ್ಕೆ ಹಲ್ದಿ ಮೆತ್ತಿ ಬಿಸಿಲಿಗೆ ಕೂರಿಸಿದರೆ ಕಾಲೇ ಹೋದೀತು.

ಈಗ ನನ್ನ ವಿಭಾಗದ ಮಾತಿಗೆ ಬರುತ್ತೇನೆ. ಮೆಥಿಲೀನ್ ಬ್ಲೂ ತಯಾರಾದದ್ದು 1876ರಲ್ಲಿ. ಅದಕ್ಕೆ ಈಗ ಪೇಟೆಂಟ್ ಇಲ್ಲ, ಯಾರು ಬೇಕಾದರೂ ತಯಾರಿಸಬಹುದು. ಬೇಕಾದ ದೀಪ ಎಲ್‌ಇಡಿ. ಇಷ್ಟು ಅಗ್ಗದ ಚಿಕಿತ್ಸೆ ಬಡವರಿಗೆ ಬೇಗ ಸಿಗಬೇಕು ಎಂದು ಅನ್ನಿಸುತ್ತದೆ. ಆದರೆ ಅಗ್ಗವಾಗಿರುವುದೇ ಇದಕ್ಕೆ ಅಡ್ಡಿ. ಒಂದು ಕಂಪನಿ ಕೋಟಿಗಟ್ಟಲೆ ಖರ್ಚು ಮಾಡಿ, ನೂರಾರು ರೋಗಿಗಳ ಮೇಲೆ ಪರೀಕ್ಷೆ ನಡೆಸಿ, ಈ ಬಣ್ಣ ಕಾಲಿನ ಗಾಯಕ್ಕೆ ಆಗುತ್ತದೆ ಎಂದು ಸಾಬೀತು ಮಾಡಿತು ಎಂದುಕೊಳ್ಳಿ. ಮರುದಿನವೇ ಇನ್ನೊಂದು ಕಂಪನಿ ಅದೇ ಬಣ್ಣವನ್ನು ಅರ್ಧ ಬೆಲೆಗೆ ಮಾರಬಹುದು. ಖರ್ಚು ಒಬ್ಬರದ್ದು, ಲಾಭ ಎಲ್ಲರದ್ದು. ಅರ್ಥಶಾಸ್ತ್ರದಲ್ಲಿ ಸಾರ್ವಜನಿಕ ಸರಕುಗಳ ಪಾಠ ಓದುವಾಗ ಬೀದಿದೀಪದಂಥ ಉದಾಹರಣೆ ಕೊಡುತ್ತೇವಲ್ಲ, ಇದು ಅದೇ. ಅಗ್ಗದ ಔಷಧವನ್ನು ಸಾಬೀತು ಮಾಡುವುದೂ ಒಂದು ಬೀದಿದೀಪ. ಖಾಸಗಿಯವರು ಅದನ್ನು ಹಾಕಲಿಲ್ಲವೆಂದು ಬೈದು ಪ್ರಯೋಜನವಿಲ್ಲ.

ಪೇಟೆಂಟ್ ಇರುವ ಹೊಸ ಆಂಟಿಬಯಾಟಿಕ್‌ಗಳ ಪಾಡೂ ಸುಖವಾಗಿಲ್ಲ. ಅಮೆರಿಕದ ಅಕಾಯೋಜೆನ್ ಎಂಬ ಕಂಪನಿಯ ಹೊಸ ಔಷಧಕ್ಕೆ 2018ರ ಜೂನ್‌ನಲ್ಲಿ ಒಪ್ಪಿಗೆ ಸಿಕ್ಕಿತು. 2019ರ ಏಪ್ರಿಲ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಔಷಧ ಕೆಟ್ಟದ್ದಿರಲಿಲ್ಲ. ಹೊಸ ಆಂಟಿಬಯಾಟಿಕ್ ಬಂದರೆ ವೈದ್ಯರು ಅದನ್ನು ಕೊನೆಯ ಅಸ್ತ್ರವೆಂದು ಎತ್ತಿಡುತ್ತಾರೆ, ಇಡಲೇಬೇಕು. ಎತ್ತಿಟ್ಟ ಸರಕು ಮಾರಾಟವಾಗುವುದಿಲ್ಲ. ನಮ್ಮ ದೇಶದಲ್ಲಿ 2024ರಲ್ಲಿ ಬಂದ ನಾಫಿತ್ರೊಮೈಸಿನ್ ಎಂಬ ಔಷಧಕ್ಕೆ 14 ವರ್ಷ ಮತ್ತು 500 ಕೋಟಿ ರೂಪಾಯಿ ಹಿಡಿಯಿತು ಎಂದು ಸರಕಾರದ ಪ್ರಕಟಣೆ ಹೇಳಿತು. ಅದರಲ್ಲಿ ಸರಕಾರಿ ಸಂಸ್ಥೆಯ ನೆರವೂ ಇತ್ತು. ಬೆಂಗಳೂರಿನ ಬಗ್‌ವರ್ಕ್ಸ್ ಕಂಪನಿ ಹೊಸ ಆಂಟಿಬಯಾಟಿಕ್ ಹುಡುಕಲು ಹೊರಟಾಗ ಅದಕ್ಕೂ ಕಾರ್ಬ್-ಎಕ್ಸ್ ಎಂಬ ಅಂತರರಾಷ್ಟ್ರೀಯ ನಿಧಿಯ ಅನುದಾನ ಬೇಕಾಯಿತು. ಬ್ರಿಟನ್ ಸರಕಾರ 2022ರಲ್ಲಿ ಬೇರೆ ದಾರಿ ಹಿಡಿಯಿತು: ಎರಡು ಹೊಸ ಆಂಟಿಬಯಾಟಿಕ್‌ಗಳಿಗೆ, ಎಷ್ಟು ಮಾರಾಟವಾಯಿತು ಎಂದು ನೋಡದೆ, ಒಂದೊಂದಕ್ಕೆ ವರ್ಷಕ್ಕೆ ಒಂದು ಕೋಟಿ ಪೌಂಡ್‌ವರೆಗೆ ಕೊಡುವ ಒಪ್ಪಂದ. ಬೆಂಕಿ ಬೀಳದಿದ್ದರೂ ಅಗ್ನಿಶಾಮಕ ದಳಕ್ಕೆ ಸಂಬಳ ಕೊಡುವ ಲೆಕ್ಕ ಅದು.

ನನ್ನ ಅಭಿಪ್ರಾಯ ಇದು. ಬೆಳಕಿನ ಚಿಕಿತ್ಸೆಯನ್ನು ಮಾರುಕಟ್ಟೆ ತಂದುಕೊಡಲಿ ಎಂದು ಕಾಯುವುದು ಸರಿಯಲ್ಲ. ಮಧುಮೇಹಿಗಳ ಕಾಲಿನ ಗಾಯದ ಮೇಲೆ ಒಂದು ದೊಡ್ಡ, ಸರಿಯಾದ ಪರೀಕ್ಷೆಯನ್ನು ಸಾರ್ವಜನಿಕ ಹಣದಲ್ಲಿ ಕರ್ನಾಟಕದಲ್ಲಿ ನಡೆಸಬೇಕು. ಅದಕ್ಕೆ ಬೇಕಾದವರು ದೂರದಲ್ಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2013ರಿಂದ ದೇಶದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ಮೇಲೆ ಕಣ್ಣಿಡುವ ಜಾಲ ನಡೆಸುತ್ತಿದೆ. ನಮ್ಮ ಜಿಲ್ಲೆಯಲ್ಲೇ ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜು 1953ರಿಂದ ಇದೆ. ರಾಜ್ಯದಲ್ಲಿ ಸರಕಾರಿ ಮೆಡಿಕಲ್ ಕಾಲೇಜುಗಳು ಇವೆ. ಫಲ ಒಳ್ಳೆಯದಾದರೆ ತಾಲೂಕು ಆಸ್ಪತ್ರೆಗಳ ಡ್ರೆಸ್ಸಿಂಗ್ ಕೋಣೆಗೆ ದೀಪ ಕೊಟ್ಟು ನರ್ಸ್‌ಗಳಿಗೆ ತರಬೇತಿ ಕೊಡಲಿ. ಫಲ ಒಳ್ಳೆಯದಾಗದಿದ್ದರೆ ಅದನ್ನೂ ಪ್ರಕಟಿಸಲಿ. ಆಗ ಯಾರೂ ಬೆಳಕಿನ ಹೆಸರಿನಲ್ಲಿ ಬಡವರಿಂದ ದುಡ್ಡು ಕೀಳಲು ಆಗುವುದಿಲ್ಲ.

ಇದಕ್ಕೆ ಒಂದು ನ್ಯಾಯವಾದ ಆಕ್ಷೇಪ ಇದೆ. ಹಳ್ಳಿಯ ಆಸ್ಪತ್ರೆಗೆ ಮೊದಲು ಬೇಕಾದದ್ದು ವೈದ್ಯರು, ಲ್ಯಾಬು, ಔಷಧ. ದೀಪದ ಪರೀಕ್ಷೆಗೆ ಈಗೇಕೆ ಹಣ ಎಂದು ನಮ್ಮ ಉಪನ್ಯಾಸಕರೊಬ್ಬರೇ ಕೇಳಿದರು. ನಾನು ಒಪ್ಪುತ್ತೇನೆ, ವೈದ್ಯರ ಬದಲು ದೀಪ ಎಂದು ನಾನು ಹೇಳುತ್ತಿಲ್ಲ. ಆದರೆ ಖರ್ಚಿನ ಇನ್ನೊಂದು ಬದಿಯನ್ನೂ ಬರೆಯಬೇಕು. ಒಬ್ಬರ ಕಾಲು ಹೋದರೆ ಆಪರೇಷನ್‌ನ ಬಿಲ್ಲು ಒಂದೇ ಅಲ್ಲ. ಗದ್ದೆಗೆ ಇಳಿಯುತ್ತಿದ್ದವರು, ಗಂಗೊಳ್ಳಿಯಲ್ಲಿ ಬೋಟಿಗೆ ಹೋಗುತ್ತಿದ್ದವರು ಮನೆಯಲ್ಲಿ ಕೂರುತ್ತಾರೆ. ಅವರನ್ನು ನೋಡಿಕೊಳ್ಳಲು ಇನ್ನೊಬ್ಬರು ಕೆಲಸ ಬಿಡುತ್ತಾರೆ, ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು. ಈ ನಷ್ಟ ಯಾವ ಆಸ್ಪತ್ರೆಯ ಪುಸ್ತಕದಲ್ಲೂ ಬರುವುದಿಲ್ಲ, ಆ ಮನೆಯ ಪುಸ್ತಕದಲ್ಲಿ ಮಾತ್ರ ಬರುತ್ತದೆ.

ಇನ್ನೊಂದು ಮಾತು. ಬೆಳಕಿನ ಚಿಕಿತ್ಸೆ ಬಂದರೂ ರಕ್ತದ ಸೋಂಕಿಗೆ, ನ್ಯುಮೋನಿಯಾಕ್ಕೆ ಆಂಟಿಬಯಾಟಿಕ್ ಬೇಕೇ ಬೇಕು. ಇರುವುದನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ‘ಎಚ್1’ ನಿಯಮದ ಪ್ರಕಾರ, ಆ ಪಟ್ಟಿಯಲ್ಲಿರುವ ಆಂಟಿಬಯಾಟಿಕ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ. ಅಂಗಡಿಯವರು ರೋಗಿಯ ಮತ್ತು ವೈದ್ಯರ ಹೆಸರನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಮಾತ್ರೆಯ ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದು ಎಂದು ಅರ್ಥ. ಇವತ್ತು ಮನೆಗೆ ಹೋಗಿ ಔಷಧದ ಡಬ್ಬ ತೆರೆದು ನೋಡಿ. ಕೆಂಪು ಗೆರೆಯ ಅರ್ಧ ಖಾಲಿಯಾದ ಸ್ಟ್ರಿಪ್ ಒಂದಾದರೂ ಸಿಗುತ್ತದೆ.

ನಮ್ಮ ಕಾಲೇಜು ಮಾಡಬಹುದಾದದ್ದೂ ಒಂದು ಇದೆ. ಪ್ರತಿ ವರ್ಷ ನವೆಂಬರ್ 18ರಿಂದ 24ರವರೆಗೆ ಜಗತ್ತಿನಲ್ಲೆಲ್ಲ ಈ ವಿಷಯದ ಜಾಗೃತಿ ಸಪ್ತಾಹ ನಡೆಯುತ್ತದೆ. ಆ ವಾರ ಸೈನ್ಸ್‌ನವರು ಬ್ಯಾಕ್ಟೀರಿಯಾ, ಬಣ್ಣ, ಬೆಳಕಿನ ಬಗ್ಗೆ ಪೋಸ್ಟರ್ ಮಾಡಲಿ. ಕಾಮರ್ಸ್‌ನವರಾದ ನಾವು ಹೆಸರು ಕೇಳದೆ ನಮ್ಮ ಕಾಲೇಜಿನ ಮನೆಗಳ ಸಮೀಕ್ಷೆ ಮಾಡೋಣ: ಕಳೆದ ವರ್ಷ ಮನೆಯಲ್ಲಿ ಎಷ್ಟು ಸಲ ಚೀಟಿ ಇಲ್ಲದೆ ಆಂಟಿಬಯಾಟಿಕ್ ತಂದಿರಿ, ಎಷ್ಟು ಸಲ ಅರ್ಧಕ್ಕೆ ಬಿಟ್ಟಿರಿ, ವಾಸಿಯಾಗದ ಗಾಯಕ್ಕೆ ಎಷ್ಟು ಖರ್ಚಾಯಿತು. ಆ ಅಂಕಿ ಹಿಡಿದು ನಮ್ಮ ಶಾಸಕರಿಗೂ ಜಿಲ್ಲಾ ಆರೋಗ್ಯ ಅಧಿಕಾರಿಗಳಿಗೂ ಒಂದು ಪತ್ರ ಬರೆಯೋಣ. ಆ ಪತ್ರದಲ್ಲಿ ಬೆಳಕಿನ ಚಿಕಿತ್ಸೆಯ ಪರೀಕ್ಷೆಗೆ ಸರಕಾರ ಹಣ ಕೊಡಬೇಕು ಎಂದು ಕೇಳೋಣ. ಪ್ರಶ್ನಾವಳಿ ತಯಾರಿಸಲು ನಾಲ್ಕು ಜನ ಬೇಕು. ಬರುವ ಮನಸ್ಸಿದ್ದವರು ದ್ವಿತೀಯ ಪಿಯುಸಿ ಕಾಮರ್ಸ್ ತರಗತಿಗೆ ಬಂದು ಹೆಸರು ಕೊಡಿ. ಸೈನ್ಸ್‌ನವರೂ ಬರಬಹುದು.